ನೇರವಾಗಿ ನಿಂತಿರಬೇಕು

ಮಾರ್ಚ್ 3, ಸೋಮವಾರ

ಇವತ್ತಿನಿಂದ ಕೈಪಿಡಿಗೆ ನಾನೇ ಯಜಮಾನಿ. ಬೆಳಗಿನ ವಾರದ ಸಭೆಯಲ್ಲಿ, ತಂತ್ರಾಂಶ ನೋಡಿಕೊಳ್ಳುವ ಎಂಜಿನಿಯರ್ ಎಲ್ಲರ ಮುಂದೆಯೇ ಹೇಳಿಬಿಟ್ಟರು: “ಕೈಪಿಡಿ ಇನ್ಮೇಲೆ ನಿಮ್ಮ ಕೈಲಿ. ಏನಿರಬೇಕು, ಏನಿರಬಾರದು ಅನ್ನೋದರಲ್ಲಿ ನಿಮ್ಮ ಮಾತೇ ಕೊನೆ.” ಸಭೆಯೆಂದರೆ ಪರದೆಯ ಮೇಲೆ ಎಂಟು ಚೌಕ, ಎಂಟು ಮುಖ, ನನ್ನದೊಂದು ಬಿಟ್ಟರೆ ಒಬ್ಬರನ್ನೂ ನಾನು ಎದುರಿಗೆ ಕಂಡಿಲ್ಲ. ಆದರೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಇಡೀ ಗುಂಪಿನಲ್ಲಿ ಸೂಜಿದಾರದಿಂದಲೇ ಹೊಟ್ಟೆ ಹೊರೆಯುವವಳು ನಾನೊಬ್ಬಳೇ.

ಕೆಳಗೆ ಅಂಗಡಿಗಿಳಿದರೆ ನಾದಿನಿ ಗುಂಡಿ ಹಚ್ಚುತ್ತಿದ್ದಳು. ನಾವಿಬ್ಬರೂ ಸೇರಿ ನಡೆಸುವ ಟೈಲರಿಂಗ್ ಅಂಗಡಿ ಇದು. ಎಡಕ್ಕೆ ಬೀಗದ ಕೈ ಮಾಡುವವರು, ಬಲಕ್ಕೆ ಇಸ್ತ್ರಿ ಅಂಗಡಿ.

“ಏನತ್ತಿಗೆ, ಮುಖ ಇಷ್ಟಗಲ ಆಗಿದೆ?”

“ಕೈಪಿಡಿ ನನಗೆ ವಹಿಸಿದ್ರು ಕಣೇ.”

“ಯಾವುದು, ಆ ಕಂಪ್ಯೂಟರ್ ಪ್ಯಾಟರ್ನ್‌ದಾ?”

ಹತ್ತನೇ ಸಲ ವಿವರಿಸಿದೆ. ಮೈಯ ಅಳತೆ ತುಂಬಿದರೆ ಬಟ್ಟೆ ಕತ್ತರಿಸಲು ಕಾಗದದ ಪ್ಯಾಟರ್ನ್ ಬರೆದುಕೊಡುವ ತಂತ್ರಾಂಶ. ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಸೇರಿಸಬಹುದು. ತೊಂದರೆ ಇರುವುದೇ ಆ ಸೇರಿಸುವುದರಲ್ಲಿ. ಎಂಟು ವರ್ಷದಿಂದ ಬಂದವರೆಲ್ಲ ಸೇರಿಸಿ ಸೇರಿಸಿ ಕೈಪಿಡಿ ಮುನ್ನೂರ ನಲವತ್ತು ಪುಟಕ್ಕೆ ಊದಿಕೊಂಡಿದೆ. ಏಪ್ರಿಲ್ ಒಂದಕ್ಕೆ ಹೊಸ ಆವೃತ್ತಿಯ ಬಿಡುಗಡೆ. ಅಷ್ಟರೊಳಗೆ ಅದನ್ನು ನೂರಕ್ಕೆ ಇಳಿಸುತ್ತೇನೆ.

ನನ್ನ ನಿಯಮ ಒಂದೇ. ತಂತ್ರಾಂಶ ಏನು ಮಾಡುತ್ತದೋ ಅದು ಕೈಪಿಡಿಯಲ್ಲಿರಬೇಕು. ಮಿಕ್ಕಿದ್ದು ಬಳಸುವವರ ತಲೆಯಲ್ಲಿರಬೇಕು. ಇದನ್ನು ಮೊದಲ ಪುಟದಲ್ಲೇ ಬರೆದು ಹಾಕಿದೆ.

ಮಾರ್ಚ್ 7, ಶುಕ್ರವಾರ

ಇನ್ನೂರು ಪುಟಕ್ಕೆ ಬಂತು. ಕತ್ತರಿಸಿದ್ದರಲ್ಲಿ ಏನೇನಿತ್ತೆಂದು ಬರೆದಿಡಬೇಕು, ಇಲ್ಲದಿದ್ದರೆ ಮುಂದೆ ನನಗೇ ನಂಬಿಕೆ ಬಾರದು. ಯಾರೋ ತಮ್ಮ ಅಜ್ಜಿಯ ಕೋಟಿನ ಕಥೆಯನ್ನು ಒಂಬತ್ತು ಪುಟ ಬರೆದಿದ್ದರು, ಅಜ್ಜಿಯ ಮೊಣಕಾಲು ನೋವಿನ ಸಮೇತ. ಸೂಜಿಗೆ ದಾರ ಪೋಣಿಸಲು ನಾಲ್ಕು ಚಿತ್ರ. ಹೊಲಿಯುವ ಮೊದಲು ಇಸ್ತ್ರಿಯೋ, ಹೊಲಿದ ಮೇಲೆ ಇಸ್ತ್ರಿಯೋ ಎಂದು ಇಬ್ಬರು ಕೈಪಿಡಿಯೊಳಗೇ ಆರು ಪುಟ ಜಗಳವಾಡಿದ್ದರು! ಕೊನೆಗೆ ಒಬ್ಬರು ಇನ್ನೊಬ್ಬರ ತೋಳಿನ ಹೊಲಿಗೆಯನ್ನು ಹಂಗಿಸುವಲ್ಲಿಗೆ ಅದು ಮುಗಿದಿತ್ತು.

ಎಲ್ಲ ಕಸದಬುಟ್ಟಿಗೆ. ಗುಂಪಿನಲ್ಲಿ ನನಗೀಗ ‘ಕತ್ತರಿ ಮೇಡಂ’ ಎಂದು ಹೆಸರು ಬಿದ್ದಿದೆ. ನಮ್ಮ ಮನೆಯವರು ಊಟಕ್ಕೆ ಕೂತಾಗ ಕೇಳಿ ನಕ್ಕರು. “ಮದುವೆಯಾದ ವರ್ಷವೇ ನಾನು ಈ ಹೆಸರು ಇಡಬಹುದಾಗಿತ್ತು,” ಅಂದರು. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಮಾರ್ಚ್ 10, ಸೋಮವಾರ

ಅಳತೆಯ ಅಧ್ಯಾಯ ಮುಗಿಸಿದೆ. ಮೂವತ್ತೊಂದು ಪುಟವಿದ್ದದ್ದು ಈಗ ನಾಲ್ಕು. ಓದಿ ನೋಡಿದರೆ ನನಗೇ ಖುಷಿಯಾಗುತ್ತದೆ. ‘ಅಳತೆ ಕೊಡುವವರು ಸಾಮಾನ್ಯವಾಗಿ ನೇರವಾಗಿ ನಿಂತಿದ್ದರೆ ಒಳ್ಳೆಯದು, ಆದರೆ ಕೆಲವೊಮ್ಮೆ’ ಎಂದು ಶುರುವಾಗಿ ಅರ್ಧ ಪುಟ ಹರಿದಾಡುತ್ತಿದ್ದ ಸಾಲನ್ನು ಹೀಗೆ ಮಾಡಿದೆ: ‘ಅಳತೆ ಕೊಡುವವರು ನೇರವಾಗಿ ನಿಂತಿರಬೇಕು.’ ಅಷ್ಟೇ. ಸಾಮಾನ್ಯವಾಗಿ, ಆದರೆ, ಕೆಲವೊಮ್ಮೆ, ಇವೆಲ್ಲ ಬರೆಯುವವರ ಅಂಜಿಕೆ. ಓದುವವರಿಗೆ ಅದರಿಂದ ಏನು ಉಪಯೋಗ?

ಅಧ್ಯಾಯದ ಬುಡದಲ್ಲಿ ‘ಗುಂಡುಸೂಜಿ’ ಎಂಬ ಅಡ್ಡಹೆಸರಿನವರು ಬರೆದ ಆರು ಸಾಲಿದ್ದವು, ದಿನವಿಡೀ ಗಾಲಿಕುರ್ಚಿಯಲ್ಲಿ ಕೂತಿರುವವರ ಅಳತೆಯ ಬಗ್ಗೆ. ತೆಗೆದೆ. ಹೊಲಿಗೆಯ ಪಾಠವದು, ತಂತ್ರಾಂಶದ್ದಲ್ಲ. ಹದಿನೈದು ನಿಮಿಷದಲ್ಲಿ ಅವರ ಬರಹ ಬಂತು: “ಆ ಆರು ಸಾಲು ಬೇಕಾಗುತ್ತೆ. ಇನ್ನೊಂದ್ಸಲ ಯೋಚಿಸಿ.”

ನಾನು ಹನ್ನೊಂದು ಸಾಲಿನ ಉತ್ತರ ಕೊಟ್ಟೆ. ಇದಕ್ಕೊಂದು ಸೇರಿಸಿದರೆ ಗರ್ಭಿಣಿಯರಿಗೊಂದು, ಗೂನುಬೆನ್ನಿಗೊಂದು, ಒಂದು ಕಾಲು ಗಿಡ್ಡ ಇರುವವರಿಗೊಂದು ಸೇರಿಸಬೇಕು. ಆಮೇಲೆ ನಾವು ಮುನ್ನೂರ ನಲವತ್ತಕ್ಕೇ ವಾಪಸ್. ಅವರು “ಸರಿ” ಎಂದಷ್ಟೇ ಬರೆದರು. ವಾದದಲ್ಲಿ ಗೆದ್ದೆ ಎಂದುಕೊಂಡು ಹೊಸ ಪುಟಗಳನ್ನು ಸಂಜೆಯೇ ಜಾಲತಾಣಕ್ಕೆ ಏರಿಸಿದೆ.

ಮಾರ್ಚ್ 12, ಬುಧವಾರ

ತೊಂಬತ್ತಾರು ಪುಟ!

ಮಾರ್ಚ್ 18, ಮಂಗಳವಾರ

ಒಂದು ದೂರು ಬಂದಿದೆ. ಬೆನ್ನುಹುರಿಗೆ ಪೆಟ್ಟಾದವರ ಆರೈಕೆ ಕೇಂದ್ರವೊಂದರಲ್ಲಿ ಹೊಲಿಗೆ ಕೋಣೆಯಿದೆಯಂತೆ. ಅದರ ಮೇಲ್ವಿಚಾರಕಿ ಬರೆದಿದ್ದಾರೆ. ನಮ್ಮ ತಂತ್ರಾಂಶ ಕೊಟ್ಟ ಪ್ಯಾಟರ್ನ್‌ನಂತೆ ಹನ್ನೆರಡು ಪ್ಯಾಂಟು ಕತ್ತರಿಸಿ, ಮೊದಲನೆಯದನ್ನು ಹೊಲಿದು ತೊಡಿಸಿದರೆ ಹಿಂದೆ ಜಾರುತ್ತದೆ, ಮುಂದೆ ಮುದ್ದೆಯಾಗುತ್ತದೆ. ಅವರಲ್ಲಿ ಒಬ್ಬರು ಗಡಿಯಾರ ರಿಪೇರಿಯವರು ಒಂದನೇ ತಾರೀಖಿನಿಂದ ಮತ್ತೆ ತಮ್ಮ ಅಂಗಡಿಗೆ ಹೊರಟಿದ್ದಾರೆ, ದಿನಕ್ಕೆ ಒಂಬತ್ತು ಗಂಟೆ ಕೂತಿರಬೇಕು, ದಯವಿಟ್ಟು ಬೇಗ ಸರಿಪಡಿಸಿ.

ಎಂಜಿನಿಯರ್ ಗಾಬರಿಯಾದರು. “ಕೋಡ್‌ನಲ್ಲೇ ತಪ್ಪಿರಬೇಕು. ಎಲ್ಲಾ ಪ್ಯಾಂಟಿಗೂ ಹಿಂದೆ ನಾಲ್ಕು ಸೆಂಟಿಮೀಟರ್ ಸೇರಿಸ್ಬಿಡ್ಲಾ?”

“ಸ್ವಲ್ಪ ಸುಮ್ನಿರಿ,” ಅಂದೆ. “ಊರಿನವರ ಪ್ಯಾಂಟೆಲ್ಲಾ ಜೋತು ಬೀಳುತ್ತೆ. ಅವರೇ ಅಳತೆ ತಪ್ಪು ತಗೊಂಡಿರ್ತಾರೆ.”

ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ, ಹತ್ತರಲ್ಲಿ ಒಂಬತ್ತು ಸಲ ಟೇಪು ಹಿಡಿದವರದೇ ತಪ್ಪು. ಹೇಗೆ ಅಳೆದಿರೆಂದು ಫೋಟೋ ಕಳಿಸಿ ಎಂದು ಕೇಳಿದೆ. “ಕಳಿಸ್ತೀವಿ ಮೇಡಂ. ಆದ್ರೆ ನಿಮ್ಮ ಕೈಪಿಡಿಯಿಂದ ಕೂದಲೆಳೆಯಷ್ಟೂ ಆಚೀಚೆ ಹೋಗಿಲ್ಲ,” ಎಂದು ಉತ್ತರ ಬಂತು. ನೋಡೋಣ.

ಮಾರ್ಚ್ 21, ಶುಕ್ರವಾರ

ಫೋಟೋ ಬಂತು.

ಇಬ್ಬರು ಸಹಾಯಕರು ಒಬ್ಬ ಮನುಷ್ಯನನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದಿದ್ದಾರೆ. ಆ ಮನುಷ್ಯನ ಕಾಲು ನೆಲಕ್ಕೆ ತಾಗಿವೆ, ಆದರೆ ನಿಂತಿಲ್ಲ. ಪಾದ ಒಳಕ್ಕೆ ತಿರುಗಿದೆ. ಪಕ್ಕದಲ್ಲಿ ಖಾಲಿ ಗಾಲಿಕುರ್ಚಿ. ಒಬ್ಬ ಹೆಂಗಸು ಮಂಡಿಯೂರಿ ಸೊಂಟದಿಂದ ನೆಲದವರೆಗೆ ಟೇಪು ಹಿಡಿದಿದ್ದಾರೆ. ಟೇಪು ಸರಿಯಾಗಿಯೇ ಹಿಡಿದಿದ್ದಾರೆ. ಫೋಟೋದ ಕೆಳಗೆ ‘ನೇರವಾಗಿ ನಿಂತ ಭಂಗಿ, ಪುಟ 2ರಂತೆ’ ಎಂದು ಬರೆದಿದೆ.

ಮುಚ್ಚಿದೆ. ಮತ್ತೆ ತೆರೆದೆ. ಹನ್ನೆರಡೂ ಜನರನ್ನು ಹಾಗೇ ಎತ್ತಿ ಹಿಡಿದಿದ್ದಾರೆ, ಹನ್ನೆರಡು ಫೋಟೋ ಇವೆ.

ಮಾರ್ಚ್ 22, ಶನಿವಾರ

ಅಂಗಡಿ ನಾದಿನಿಗೆ ಬಿಟ್ಟು ಬೆಳಗಿನ ಬಸ್ಸು ಹಿಡಿದೆ. ಒಂದೂವರೆ ಗಂಟೆ ದಾರಿ. ಟೇಪು, ಚಾಕ್, ನೋಟ್‌ಬುಕ್ ಚೀಲದಲ್ಲಿದ್ದವು. ಹೋಗಿ ಏನು ಹೇಳಬೇಕೆಂದು ಬಸ್ಸಿನಲ್ಲಿ ಮೂರು ಸಲ ಮನಸ್ಸಿನಲ್ಲೇ ಬರೆದು ಮೂರು ಸಲ ಹೊಡೆದು ಹಾಕಿದೆ.

ಹೊಲಿಗೆ ಕೋಣೆಯಲ್ಲಿ ಆರು ಮಿಷನ್, ದೊಡ್ಡ ಕಿಟಕಿ. ನಮ್ಮ ಅಂಗಡಿಗಿಂತ ಅಚ್ಚುಕಟ್ಟು. ಗೋಡೆಯ ಮೇಲೆ ನನ್ನ ನಾಲ್ಕು ಪುಟವನ್ನು ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ್ದರು. ಅದನ್ನು ನೋಡಿದೊಡನೆ ನಾಚಿಕೆಯಾಯಿತು. ಮೇಲ್ವಿಚಾರಕಿ ಐವತ್ತು ದಾಟಿದ, ಚುರುಕಾದ ಹೆಂಗಸು. ನನ್ನನ್ನು ಕಂಡು ಅವರಿಗೆ ಖುಷಿಯೋ ಖುಷಿ.

“ಮುಂಚೆ ಆ ಕೈಪಿಡಿ ಬಲು ಉದ್ದ ಇತ್ತು ಮೇಡಂ, ತೆಗೆಯೋಕೇ ಭಯ. ಈಗ ನೋಡಿ, ಒಂದೇ ಮಾತಲ್ಲಿ ಅರ್ಥ ಆಗುತ್ತೆ. ಅದಕ್ಕೇ ಈ ತಂತ್ರಾಂಶ ಹಿಡ್ಕೊಂಡ್ವಿ.”

“ನಿಮಗೆ ಅನುಮಾನ ಬರ್ಲಿಲ್ವಾ? ಇವರನ್ನ ಎತ್ತಿ ಹಿಡಿಯೋವಾಗ?”

“ಬಂತು. ಆದ್ರೆ ‘ನಿಂತಿರಬೇಕು’ ಅಂತಲೇ ಇತ್ತಲ್ಲ. ನಿಲ್ಲೋಕಾಗದಿದ್ರೆ ಏನು ಅಂತ ಎಲ್ಲೂ ಇರ್ಲಿಲ್ಲ. ನಾವೇ ಏನೋ ಮಾಡಿ ಬಟ್ಟೆ ಕೆಟ್ರೆ ಅಂತ ಹೆದರಿಕೆ.”

ಅಷ್ಟರಲ್ಲಿ ಗಡಿಯಾರದವರು ತಾವೇ ಕುರ್ಚಿ ತಳ್ಳಿಕೊಂಡು ಬಂದರು. ಫೋಟೋದಲ್ಲಿದ್ದವರು ಅವರೇ. ಇಪ್ಪತ್ತೊಂದು ವರ್ಷ ಗಡಿಯಾರ ರಿಪೇರಿ ಮಾಡಿದವರು, ಕೈ ಬೆರಳು ಸಣ್ಣಗೆ, ಚುರುಕಾಗಿವೆ. ಅಪಘಾತವಾದ ಮೇಲೆ ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ. ಕಳೆದ ವರ್ಷವೇ ಅಂಗಡಿಗೆ ವಾಪಸ್ ಹೋಗಿದ್ದರಂತೆ. ರೆಡಿಮೇಡ್ ತಂದ ಪ್ಯಾಂಟಿನ ಹಿಂಜೇಬಿನ ಗುಂಡಿ ಒತ್ತಿ ಒತ್ತಿ ಹುಣ್ಣಾಯಿತು. ನೋವು ತಿಳಿಯದ್ದರಿಂದ ವಾರವಾದರೂ ಗೊತ್ತಾಗಲಿಲ್ಲ. ನಾಲ್ಕು ತಿಂಗಳು ಬೋರಲು ಮಲಗಿ ಕಳೆದರು.

“ಇನ್ನೊಂದ್ಸಲ ಹಾಗಾದ್ರೆ ಅಂಗಡಿ ಮುಚ್ಚಿದ ಹಾಗೇ ಮೇಡಂ. ತಮ್ಮ ಎಷ್ಟು ದಿನ ಅಂತ ನೋಡ್ಕೋತಾನೆ? ಅವನಿಗೆ ಗೋಡೆ ಗಡಿಯಾರ ಬಿಟ್ರೆ ಬೇರೆ ಬರಲ್ಲ.”

“ಎತ್ತಿ ಹಿಡಿದಿದ್ರಲ್ಲ, ಎಷ್ಟು ಹೊತ್ತು?”

“ಆರು ನಿಮಿಷ. ಎದುರಿಗಿದ್ದ ಗಡಿಯಾರ ನೋಡ್ತಿದ್ದೆ. ಅದು ಎರಡು ನಿಮಿಷ ಹಿಂದಿತ್ತು, ಆಮೇಲೆ ಸರಿ ಮಾಡ್ಕೊಟ್ಟೆ.”

“ನೋವಾಗ್ಲಿಲ್ವಾ?”

“ಕಂಕುಳಲ್ಲಿ ಆಯ್ತು. ತಲೆನೂ ಸುತ್ತಿ ಬಂತು.”

“ಮತ್ತೆ ಸಾಕು ಅನ್ನಬೇಕಿತ್ತಲ್ಲ!” ಎಂದು ಗದರಿಬಿಟ್ಟೆ. ಯಾರ ಮೇಲಿನ ಸಿಟ್ಟು ಯಾರ ಮೇಲೆ.

“ಪುಸ್ತಕದಲ್ಲಿ ಹಾಗೇ ಇದೆ ಅಂದ್ರು. ಬರೆದವರಿಗೆ ಗೊತ್ತಿಲ್ಲದೆ ಇರುತ್ತಾ ಅಂತ ಸುಮ್ಮನಾದೆ.”

“ಬರೆದವಳು ನಾನೇ.”

ಅವರು ನನ್ನ ಮುಖ ನೋಡಿದರು. “ಓ, ನೀವೇನಾ? ತುಂಬಾ ಸ್ಪಷ್ಟವಾಗಿ ಬರೆದಿದ್ದೀರಿ.” ಆ ಮಾತಿನಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಕೂತಲ್ಲೇ ಅಳತೆ ತೆಗೆದುಕೊಂಡೆ. ನಿಂತವರಿಗೆ ಬೇಕಾದ್ದಕ್ಕಿಂತ ಹಿಂದೆ ಹನ್ನೊಂದು ಸೆಂಟಿಮೀಟರ್ ಹೆಚ್ಚು, ಮುಂದೆ ಐದು ಕಡಿಮೆ. ತಂತ್ರಾಂಶದಲ್ಲಿ ತೊಡೆಸಂದಿನಿಂದ ಸೊಂಟಪಟ್ಟಿಯವರೆಗಿನ ಮುಂದಿನ ಎತ್ತರ, ಹಿಂದಿನ ಎತ್ತರ ಎಂದು ಎರಡು ಖಾನೆ ಮೊದಲಿನಿಂದಲೂ ಇವೆ. ಖಾಲಿ ಬಿಟ್ಟರೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ, ಹಾಗಾಗಿ ಯಾರೂ ಮುಟ್ಟುವುದಿಲ್ಲ. ಆ ಖಾನೆ ತುಂಬುವುದು ಹೇಗೆಂದು ಹೇಳುತ್ತಿದ್ದದ್ದು ಗುಂಡುಸೂಜಿಯವರ ಆರು ಸಾಲು. ಕೋಡ್‌ನಲ್ಲಿ ಏನೂ ತಪ್ಪಿಲ್ಲ, ತಪ್ಪೆಲ್ಲ ನನ್ನ ನಾಲ್ಕು ಪುಟದಲ್ಲಿತ್ತು.

ಹೊರಡುವ ಮುಂಚೆ ಗೋಡೆಯ ಮೇಲಿನ ಎರಡನೇ ಪುಟವನ್ನು ಕಿತ್ತುಕೊಂಡು ಬಂದೆ. ಮೇಲ್ವಿಚಾರಕಿ ಬೇಡ ಅನ್ನಲಿಲ್ಲ.

ಮಾರ್ಚ್ 24, ಸೋಮವಾರ

ಸಭೆಯಲ್ಲಿ ಎಲ್ಲ ಹೇಳಿದೆ, ಫೋಟೋ ತೋರಿಸಲಿಲ್ಲ. ತೋರಿಸಲು ಆ ಮನುಷ್ಯರನ್ನು ಕೇಳಿರಲಿಲ್ಲ. ಒಬ್ಬರು ಅಂದರು: “ಕೊನೆಗೆ ‘ವಿಶೇಷ ಸಂದರ್ಭಗಳು’ ಅಂತ ಒಂದು ಪುಟ ಹಾಕ್ಬಿಡಿ, ಮುಗೀತು.”

“ಒಂಬತ್ತು ಗಂಟೆ ಕೂತು ಕೆಲಸ ಮಾಡೋರು ಯಾವ ಲೆಕ್ಕದಲ್ಲಿ ವಿಶೇಷ? ನೀವು ದಿನಕ್ಕೆ ಎಷ್ಟು ಗಂಟೆ ನಿಂತಿರ್ತೀರಿ?” ಎಂದು ಕೇಳಿದೆ. ಎಂಟೂ ಚೌಕದಲ್ಲಿ ಎಲ್ಲರೂ ಕೂತೇ ಇದ್ದರು, ನಾನೂ ಸೇರಿ.

ಮಧ್ಯಾಹ್ನ ಒಂದು ಕರಡು ಬರೆದು ಗುಂಡುಸೂಜಿಯವರಿಗೆ ಕಳಿಸಿದೆ, ಆ ಹನ್ನೊಂದು ಸಾಲಿಗೆ ಕ್ಷಮೆಯನ್ನೂ ಕೇಳಿದೆ. ಉತ್ತರ ಬಂತು: “ಕ್ಷಮೆ ಇರಲಿ ಬಿಡಿ. ಇದು ನಿಂತಿರೋರು ಬರೆದ ಹಾಗಿದೆ. ಒಂದು ದಿನ ಏಳದೆ ಕೂತು ನೋಡಿ, ಆಮೇಲೆ ಬರೀರಿ.”

ಹೇಳುವ ರೀತಿ ನೋಡು! ಆದರೆ ಹೇಳಿದ್ದು ಸರಿಯಿದೆ.

ಮಾರ್ಚ್ 26, ಬುಧವಾರ

ದಿನಾ ಹಾಕುವ ಪ್ಯಾಂಟನ್ನೇ ತೊಟ್ಟು ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಗಾಲಿಯಿರುವ ಆಫೀಸು ಕುರ್ಚಿಯಲ್ಲಿ ಕೂತಿದ್ದೆ. ಬಚ್ಚಲಿಗೂ ಕುರ್ಚಿಯಲ್ಲೇ ಬಾಗಿಲವರೆಗೆ. ನಾದಿನಿಗೆ ಇದು ಹಬ್ಬ. “ಮಹಾರಾಣಿಯವರಿಗೆ ಕತ್ತರಿ ಬೇಕಾ?” ಎಂದು ಬೇಕೆಂದೇ ಮೇಲಿನ ಕಪಾಟಿನಲ್ಲಿಡುತ್ತಿದ್ದಳು. ಮೂರು ಗಂಟೆ ಕಳೆದ ಮೇಲೆ ಅವಳೇ ಕೆಳಗಿಡತೊಡಗಿದಳು.

ಬರೆದುಕೊಂಡದ್ದು: ಸೊಂಟಪಟ್ಟಿ ಹೊಟ್ಟೆಗೆ ಕೊರೆಯುತ್ತದೆ, ಹಿಂದೆ ಗಾಳಿಯಾಡುತ್ತದೆ. ಕೂತರೆ ಕಾಲಿನ ಉದ್ದ ಸಾಲದೆ ಕಣಕಾಲು ಕಾಣುತ್ತದೆ. ಪಕ್ಕದ ಜೇಬಿನಲ್ಲಿಟ್ಟ ಕೀಲಿಗೊಂಚಲು ತೊಡೆಗೆ ಒತ್ತುತ್ತದೆ. ಜೇಬು ಇರಬೇಕಾದ್ದು ತೊಡೆಯ ಮೇಲೆ, ಕೈಗೆ ಸಿಗುವಂತೆ. ಹಿಂಬದಿಯ ನಡುಹೊಲಿಗೆ ಎಷ್ಟು ದಪ್ಪವಿದೆಯೆಂದು, ದಿನಾ ಹಾಕಿದ್ದನ್ನೇ ಹಾಕಿಕೊಂಡರೂ, ಇವತ್ತೇ ನನಗೆ ಗೊತ್ತಾದದ್ದು.

ಸಂಜೆ ಹೊತ್ತಿಗೆ ಒಂದೇ ಕಡೆ ಉರಿಯುತ್ತಿತ್ತು, ಅದಕ್ಕೆ ಹೊರಳಿ ಕೂತೆ. ಗಡಿಯಾರದವರಿಗೆ ಆ ಉರಿಯೂ ತಿಳಿಯುವುದಿಲ್ಲ, ಹೊರಳಿ ಕೂರಬೇಕೆಂದೂ ತಿಳಿಯುವುದಿಲ್ಲ. ಹೊಲಿಗೆಯೇ ಅವರ ಪರವಾಗಿ ಎಚ್ಚರವಾಗಿರಬೇಕು. ಅದನ್ನು ನೆನೆದು ಕಣ್ಣಲ್ಲಿ ನೀರು ಬಂತು. ನಾದಿನಿ ನೋಡಿ ಚಹಾ ತಂದಿಟ್ಟಳು.

ಮಾರ್ಚ್ 29, ಶನಿವಾರ

ಮತ್ತೆ ಕೇಂದ್ರಕ್ಕೆ ಹೋಗಿದ್ದೆ, ಈ ಸಲ ನಾದಿನಿಯೂ ಬಂದಳು. ಕತ್ತರಿಸಿಟ್ಟ ಹನ್ನೆರಡರಲ್ಲಿ ಒಂದನ್ನೂ ಎಸೆಯಬೇಕಾಗಿಲ್ಲ. ಹಿಂದೆ ಅಗಲವಾದ ಪಟ್ಟಿಯೊಂದನ್ನು ಜೋಡಿಸಿ ಎತ್ತರಿಸಿದೆವು, ಮುಂದೆ ಇಳಿಸಿದೆವು, ಹೊಲಿದಿದ್ದ ಒಂದರಲ್ಲಿ ಹಿಂಜೇಬು ಕಿತ್ತು, ನಡುಹೊಲಿಗೆಯನ್ನು ಬಿಡಿಸಿ ಚಪ್ಪಟೆಯಾಗಿ ಮತ್ತೆ ಹಾಕಿದೆವು, ಮಿಕ್ಕವನ್ನು ಮೊದಲೇ ಹಾಗೆ ಹೊಲಿದೆವು. ಮೇಲ್ವಿಚಾರಕಿ ಬಹಳ ಚುರುಕು, ಮೂರನೆಯದಕ್ಕೆ ನನ್ನನ್ನು ಕೇಳದೆ ತಾವೇ ಮಾಡಿದರು. ಅವರ ಹೊಲಿಗೆ ನನ್ನದಕ್ಕಿಂತ ನಯವಾಗಿತ್ತು. ಈ ಮಾತನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಗಡಿಯಾರದವರು ಹೊಸ ಪ್ಯಾಂಟು ತೊಟ್ಟು ಕೋಣೆಯ ತುಂಬ ಎರಡು ಸುತ್ತು ಹಾಕಿದರು. ನಾದಿನಿ “ಮದುಮಗನ ಹಾಗಿದ್ದೀರಿ,” ಅಂದಳು. “ಮದುಮಗನ ವಯಸ್ಸಲ್ಲಿ ನನಗೆ ಇಷ್ಟು ಚೆನ್ನಾಗಿ ಕೂರೋ ಪ್ಯಾಂಟು ಇರ್ಲಿಲ್ಲಮ್ಮ,” ಅಂದರು.

ಅಳತೆಯ ಅಧ್ಯಾಯ ಈಗ ಹದಿನಾಲ್ಕು ಪುಟ. ಒಟ್ಟು ನೂರ ಆರಾಯಿತು. ನನ್ನ ನಿಯಮವೇನೂ ಸಡಿಲವಾಗಿಲ್ಲ. ಆ ಎರಡು ಖಾನೆ ತಂತ್ರಾಂಶದ್ದೇ ತಾನೇ, ಅವನ್ನು ವಿವರಿಸಲೇಬೇಕು.

ಮಾರ್ಚ್ 31, ಸೋಮವಾರ

ಸಭೆಯಲ್ಲಿ ಜಗಳ. ಅಳತೆಯ ಅಧ್ಯಾಯದಲ್ಲಿ ನಿಂತ ಚಿತ್ರ ಮೊದಲೋ, ಕೂತ ಚಿತ್ರ ಮೊದಲೋ? ಎಂಜಿನಿಯರ್ ನಿಂತದ್ದೇ ಮೊದಲಿರಲಿ ಅಂದರು, ಅಭ್ಯಾಸವಾಗಿದೆಯಂತೆ. ನಾನು ಎರಡನ್ನೂ ಪಕ್ಕಪಕ್ಕ ಇಟ್ಟೆ. ಅದಕ್ಕೂ ಮೇಲೆ, ಅಧ್ಯಾಯದ ಮೊದಲ ಸಾಲಾಗಿ ಇದನ್ನು ಹಾಕಿದೆ: ‘ಟೇಪು ಬಿಚ್ಚುವ ಮೊದಲು ಕೇಳಿ: ದಿನದ ಹೆಚ್ಚು ಹೊತ್ತು ನೀವು ಹೇಗಿರುತ್ತೀರಿ?’

“ಇದು ತಂತ್ರಾಂಶ ಮಾಡೋ ಕೆಲಸ ಅಲ್ಲವಲ್ಲ, ಕತ್ತರಿ ಮೇಡಂ?” ಅಂದರು ಎಂಜಿನಿಯರ್.

“ನನ್ನ ಮಾತೇ ಕೊನೆ ಅಂತ ಹೇಳಿದ್ದು ನೀವೇ,” ಅಂದೆ. ಅಲ್ಲಿಗೆ ಮುಗಿಯಿತು. ಗುಂಡುಸೂಜಿಯವರು ಒಂದು ನಗುಮುಖ ಕಳಿಸಿದರು. ಇಷ್ಟು ದಿನದಲ್ಲಿ ಅದೇ ಮೊದಲು.

ಏಪ್ರಿಲ್ 1, ಮಂಗಳವಾರ

ಬಿಡುಗಡೆಯಾಯಿತು. ಎಲ್ಲರೂ ಪರದೆಯ ಮೇಲೆ ಚಪ್ಪಾಳೆ ತಟ್ಟಿದರು. ನನಗೆ ಇಡೀ ದಿನ ಒಂದೇ ಯೋಚನೆ. ಬೆಳಗ್ಗೆ ಹತ್ತಕ್ಕೆ ಅಂಗಡಿ ತೆರೆದಿರುತ್ತಾರೆ, ಒಂದಕ್ಕೆ ಊಟ, ಈಗ ನಾಲ್ಕು, ಇನ್ನೂ ಕೂತಿರುತ್ತಾರೆ.

ಏಪ್ರಿಲ್ 4, ಶುಕ್ರವಾರ

ಮೇಲ್ವಿಚಾರಕಿಯ ಸಂದೇಶ ಬಂತು. ದಿನಾ ಸಂಜೆ ನರ್ಸ್ ಗಡಿಯಾರದವರ ಮೈ ನೋಡುತ್ತಿದ್ದಾರೆ, ನಾಲ್ಕು ದಿನವೂ ಎಲ್ಲೂ ಕೆಂಪಾಗಿಲ್ಲ. ನಾದಿನಿಗೆ ಜೋರಾಗಿ ಓದಿ ಹೇಳಿದೆ. ಬೀಗದ ಕೈಯವರಿಗೂ ಕೇಳಿಸಿರಬೇಕು, ಅವರು ಬಂದು ಏನು ವಿಷಯ ಎಂದು ವಿಚಾರಿಸಿಕೊಂಡು ಹೋದರು.

ಏಪ್ರಿಲ್ 9, ಬುಧವಾರ

ಕೈಪಿಡಿಗೆ ಹೊಸಬರಿಂದ ಒಂದು ತಿದ್ದುಪಡಿ ಬಂದಿದೆ. ಹೆಸರಿನ ಜಾಗದಲ್ಲಿ ‘ಗಡಿಯಾರ’ ಎಂದಿದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆದರಂತೆ. ನನ್ನ ಮೊದಲ ಸಾಲಿನ ಕೆಳಗೆ ಎರಡು ಸಾಲು ಸೇರಿಸಬೇಕೆಂದು ಕೇಳಿದ್ದಾರೆ:

‘ಅಳತೆ ಕೊಡುವವರೇ, ನೋವಾದರೆ ಆಗಲೇ ಹೇಳಿ, ಸಾಕು ಅನ್ನಿ. ಈ ಪುಸ್ತಕ ತಪ್ಪಿರಬಹುದು.’

ಎಂಜಿನಿಯರ್ ಆಗಲೇ ಕೆಳಗೆ ಬರೆದಿದ್ದರು: “ನಮ್ಮ ಪುಸ್ತಕವೇ ತಪ್ಪು ಅಂತ ನಮ್ಮ ಪುಸ್ತಕದಲ್ಲೇ ಹಾಕೋದಾ? ಇದು ಯಾವ ನಿಯಮದಲ್ಲಿ ಬರುತ್ತೆ, ಮೇಡಂ?”

ಯಾವುದರಲ್ಲೂ ಬರುವುದಿಲ್ಲ. ಒಂದು ಅಕ್ಷರವನ್ನೂ ಮುಟ್ಟದೆ ಸೇರಿಸಿದೆ.